ಕುಡುಕರ ಯುಗಳಗೀತೆಗೆ ನಾನು ಬರೆದ ಭಾವಾರ್ಥ

ನಾನು ಹಲ್ಲಿನ ಡಾಕ್ಟರು. ನೈರೋಬಿಯ ಪೇಟೆ ನಡುವಿನ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಕ್ಲಿನಿಕ್ಕು. ಕೆಳಗಡೆ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರನ್ನು, ಮೇಲುಗಡೆ ನನ್ನ ಡ್ರಿಲ್ಲು. ಯಾವುದು ಹೆಚ್ಚು ಕರ್ಕಶ ಎಂದು ರೋಗಿಗಳನ್ನು ಕೇಳುವ ಹಾಗಿಲ್ಲ, ಬಾಯಿ ತೆರೆದು ಕೂತವರು ಉತ್ತರ ಕೊಡಲಾರರು. ನನಗೆ ಕೋಪ ಜಾಸ್ತಿ ಎಂಬ ಮಾತು ಈ ಊರಿನಲ್ಲಿದೆ. ಇರಬಹುದು. ಆರು ತಿಂಗಳು ಹಲ್ಲುನೋವು ನುಂಗಿಕೊಂಡು ಕೂತು, ಕೊನೆಗೆ ಕೆನ್ನೆ ಊದಿಸಿಕೊಂಡು ಬಂದು, "ಡಾಕ್ಟ್ರೇ, ನೋವಾಗಬಾರದು" ಎನ್ನುವವರನ್ನು ಕಂಡರೆ ಯಾರಿಗೆ ತಾನೇ ಕೋಪ ಬರುವುದಿಲ್ಲ?

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಟೆಕ್ನಿಷಿಯನ್ ಕೂತಿದ್ದಾನೆ. ನಾನು ಬಾಯಿಯ ಅಚ್ಚು ತೆಗೆದು ಕೊಡುತ್ತೇನೆ. ಆತ ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣ ಕಾಯಿಸಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿ ಕೊಡುತ್ತಾನೆ. ಐವತ್ತೈದು ದಾಟಿದ ಕಿಕುಯು ಜನಾಂಗದ ಮನುಷ್ಯ, ನ್ಯಾಂಡರುವಾ ಕಡೆಯ ಆಲೂಗೆಡ್ಡೆ ಸೀಮೆಯವನು. ಮಾತು ಕಡಿಮೆ, ಕೈ ಅಚ್ಚುಕಟ್ಟು. ತಲೆಯ ಮೇಲೆ ಅಗಲ ಅಂಚಿನ ಕಂದು ಬಣ್ಣದ ಹ್ಯಾಟು. ಪಕ್ಕದಲ್ಲಿ ರೇಡಿಯೋ. ಆ ರೇಡಿಯೋದಲ್ಲಿ ಬೆಳಗಿನಿಂದ ಸಂಜೆವರೆಗೆ ಕಂಟ್ರಿ ಮ್ಯೂಸಿಕ್ಕು.

ನೈರೋಬಿಗೆ ಬರುವ ಮೊದಲು ಕಂಟ್ರಿ ಎಂದರೆ ಅಮೆರಿಕದ ದನ ಕಾಯುವವರ ಹಾಡು ಎಂದಷ್ಟೇ ನನಗೆ ಗೊತ್ತಿತ್ತು. ಇಲ್ಲಿ ನೋಡಿದರೆ ಟ್ಯಾಕ್ಸಿಯಲ್ಲಿ ಅದು, ಕಟಿಂಗ್ ಶಾಪಿನಲ್ಲಿ ಅದು, ಭಾನುವಾರ ಮಾಂಸ ಸುಡುವ ಹೋಟೆಲುಗಳ ಅಂಗಳದಲ್ಲಿ ಹ್ಯಾಟು ಬೂಟು ಹಾಕಿಕೊಂಡ ಬ್ಯಾಂಕ್ ಮ್ಯಾನೇಜರುಗಳು ಗಿಟಾರ್ ಹಿಡಿದು ಹಾಡುವುದೂ ಅದೇ. ಆತ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ತಲೆ ಚಿಟ್ಟು ಹಿಡಿದಿತ್ತು. "ಅದೇನು ಗೋಳಪ್ಪ, ಸ್ವಲ್ಪ ಆರಿಸಬಾರದಾ?" ಎಂದು ಆತನನ್ನು ಬೈದಿದ್ದೆ. ಆತ ಆರಿಸಲಿಲ್ಲ, ಸದ್ದು ಅರ್ಧ ಇಳಿಸಿದ. ಅರ್ಧ ಸದ್ದಿನಲ್ಲೇ ಹನ್ನೊಂದು ವರ್ಷದಲ್ಲಿ ಅದು ನನ್ನ ತಲೆಯೊಳಗೆ ಪೂರ್ತಿ ಇಳಿದುಬಿಟ್ಟಿತು.

ಇನ್ನು ನನ್ನ ದನಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹನ್ನೊಂದನೇ ವಯಸ್ಸಿಗೆ ಮೈಸೂರಿನ ನಮ್ಮ ಬೀದಿಯ ಸಂಗೀತದ ಮೇಷ್ಟರ ಹತ್ತಿರ ನನ್ನನ್ನು ಪಾಠಕ್ಕೆ ಸೇರಿಸಿದ್ದರು. ಹೆಣ್ಣುಮಕ್ಕಳೆಲ್ಲ ಐದೂವರೆ ಮನೆ ಶ್ರುತಿಗೆ ಹಾಡಬೇಕು, ನನ್ನ ಗಂಟಲು ಅಲ್ಲಿಗೆ ಹತ್ತುತ್ತಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋದರೆ ಒಡೆಯುತ್ತಿತ್ತು, ಕೆಳಗಿಳಿದರೆ ಮಾತ್ರ ತುಂಬಿ ಬರುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಮೇಷ್ಟ್ರು ಅಪ್ಪನನ್ನು ಕರೆಸಿ, ಎಲ್ಲ ಮಕ್ಕಳ ಎದುರಿಗೇ, "ಹುಡುಗೀದು ಗಂಡು ದನಿ ಸ್ವಾಮೀ. ಫೀಸು ದಂಡ. ವೀಣೆಗೆ ಹಾಕಿಬಿಡಿ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ವೀಣೆಗೂ ಹೋಗಲಿಲ್ಲ, ಹಾಡುವುದನ್ನೂ ಬಿಟ್ಟೆ. ಶಾಲೆಯ ಪ್ರಾರ್ಥನೆಯಲ್ಲಿ ತುಟಿ ಅಲ್ಲಾಡಿಸಿದೆ, ನನ್ನ ಮದುವೆಯ ಆರತಿಗೂ ತುಟಿ ಅಲ್ಲಾಡಿಸಿದೆ. ಕೊನೆಗೆ ಬೇರೆಯವರ ಬಾಯಿ ತೆರೆಸುವ ಕೆಲಸ ಹಿಡಿದು ಆಫ್ರಿಕಾಕ್ಕೆ ಬಂದೆ. ಕಟ್ಟಿಕೊಂಡ ಗಂಡನಿಗೂ ನನ್ನ ದನಿ ಗೊತ್ತಿಲ್ಲ. ಬೈಗುಳದ ದನಿ ಬೇಕಾದಷ್ಟು ಗೊತ್ತು, ಹಾಡಿನದು ಗೊತ್ತಿಲ್ಲ. ಆಸೆ ಮಾತ್ರ ಹೋಗಿರಲಿಲ್ಲ. ಒಂದೇ ಒಂದು ಸಲ ನಮ್ಮವರ ಮುಂದೆ, ಕನ್ನಡದ ಜನರ ಮುಂದೆ ಬಾಯಿಬಿಟ್ಟು ಹಾಡಬೇಕು ಅನ್ನುವ ಆಸೆ. ಐವತ್ತೆರಡು ವರ್ಷಕ್ಕೆ ಇದೆಂಥ ಹುಚ್ಚು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ರೋಗಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ನಿಂತು ಪ್ಲಾಸ್ಟರ್ ಒಣಗಿದೆಯೇ ಎಂದು ನೋಡುತ್ತಿದ್ದೆ. ರೇಡಿಯೋದಲ್ಲಿ ಯಾವುದೋ ಹೆಂಗಸು ತಗ್ಗು ದನಿಯಲ್ಲಿ ಹಾಡುತ್ತಿದ್ದಳು. ನನಗೇ ಗೊತ್ತಿಲ್ಲದಂತೆ ಅವಳ ಜೊತೆ ಗುನುಗುತ್ತಿದ್ದೆ ಅಂತ ಕಾಣುತ್ತದೆ. ಟೆಕ್ನಿಷಿಯನ್ ಮೇಣದ ಚಾಕು ಕೆಳಗಿಟ್ಟ. ಆತನ ಮಾತು ಇಂಗ್ಲಿಷು, ಸ್ವಾಹಿಲಿ ಕಲಸಿದ್ದು, ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಡಕ್ತಾರಿ, ಈ ದನಿ ಇಷ್ಟು ದಿನ ಎಲ್ಲಿತ್ತು?"

"ಏನು ದನಿ? ಸುಮ್ನೆ ಕೆಲ್ಸ ನೋಡು."

"ಕೆಲಸ ಆಮೇಲೆ ನೋಡ್ತೀನಿ. ನನ್ನ ಹತ್ರ ಒಂದು ಹಾಡಿದೆ. ನಾನೇ ಬರೆದಿದ್ದು. ಅದಕ್ಕೆ ಹೆಣ್ಣು ದನಿ ಬೇಕು, ತೆಳು ದನಿಯಲ್ಲ, ತೂಕದ ದನಿ. ಎಷ್ಟೋ ವರ್ಷದಿಂದ ಹುಡುಕ್ತಾ ಇದ್ದೆ."

ನನ್ನ ಗಂಟಲನ್ನು ಯಾರಾದರೂ ಹುಡುಕುತ್ತಾ ಇದ್ದರು ಎನ್ನುವ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದೆ. ಕೋಪ ಬಂದಂತೆ ಮುಖ ಮಾಡಿಕೊಂಡು ಹೊರಗೆ ಹೋಗಿ, ಐದು ನಿಮಿಷ ಬಿಟ್ಟು ವಾಪಸು ಬಂದು, "ಯಾವ ಹಾಡು?" ಎಂದು ಕೇಳಿದೆ.

ಕಿಕುಯು ಭಾಷೆಯ ಹಾಡು, ಧಾಟಿ ಪಕ್ಕಾ ಕಂಟ್ರಿ. ಗಂಡ ಹೆಂಡತಿ ಇಬ್ಬರೂ ಕುಡುಕರು. ಗಂಡ ಹೇಳುತ್ತಾನೆ, ಡಾಕ್ಟರು ಕುಡಿತ ಬಿಡು ಅಂದಿದ್ದಾರೆ ಕಣೇ. ಹೆಂಡತಿ ಹೇಳುತ್ತಾಳೆ, ಹಾಗಾದರೆ ಡಾಕ್ಟರನ್ನೇ ಬಿಡೋಣ. ಗಂಡ ಅನ್ನುತ್ತಾನೆ, ಇವತ್ತು ಒಂದೇ ಗ್ಲಾಸು. ಹೆಂಡತಿ ಅನ್ನುತ್ತಾಳೆ, ನಾನೂ ಬರುತ್ತೇನೆ, ಎಣಿಸೋದಕ್ಕೆ ಒಬ್ಬರು ಬೇಡವೇ? ಶುಕ್ರವಾರ ಸಂಜೆ ಹೊರಟವರು ಭಾನುವಾರ ಮಧ್ಯಾಹ್ನವಾದರೂ ಮನೆ ಸೇರಿರುವುದಿಲ್ಲ, ಹೆದ್ದಾರಿಯ ಬಾರಿನಿಂದ ಬಾರಿಗೆ ಕುಣಿಯುತ್ತಾ ಹೋಗುತ್ತಿರುತ್ತಾರೆ. ಪಲ್ಲವಿ ಇಬ್ಬರದೂ: ಬಾಗಿಲು ಹಾಕಬೇಡಪ್ಪಾ ಬಾರಿನವನೇ, ಇನ್ನೂ ಒಂದು ಹಾಡು ಬಾಕಿ ಇದೆ. ನಾನು ನಕ್ಕು ನಕ್ಕು ಸುಸ್ತಾದೆ.

"ಇದೆಲ್ಲ ನಿಜವೇನಯ್ಯಾ?"

"ನಿಜಾನೇ. ನಾನು, ನನ್ನ ಹೆಂಡತಿ. ಮಕ್ಕಳಾಗೋ ಮುಂಚೆ."

ಈಗ ಆತ ಚರ್ಚಿನ ಹಿರಿಯರಲ್ಲೊಬ್ಬ, ಹದಿನೈದು ವರ್ಷದಿಂದ ಹನಿ ಮುಟ್ಟಿಲ್ಲ. ಹೆಂಡತಿ ಚರ್ಚಿನ ಹೆಂಗಸರ ಸಂಘದ ಮುಂದಾಳು. ಆ ಹಾಡನ್ನು ಚರ್ಚಿನ ಹತ್ತಿರ ಸುಳಿಸಕೂಡದು ಎಂದು ಅವಳ ಕಟ್ಟಪ್ಪಣೆ. "ಆದರೆ ಆಲೂಗೆಡ್ಡೆ ಸುಲಿಯೋವಾಗ ಅವಳೇ ಗುನುಗ್ತಾಳೆ" ಎಂದು ಹೇಳಿ ಆತ ಮತ್ತೆ ಚಾಕು ಕೈಗೆತ್ತಿಕೊಂಡ.

ಹೀಗೆ ಕುಡಿಯದ ಇಬ್ಬರು ಕೂತು ಕುಡುಕರ ಹಾಡು ಕಲಿಯಲು ಶುರು ಮಾಡಿದೆವು. ದಿನಾ ಮಧ್ಯಾಹ್ನ ಒಂದರಿಂದ ಎರಡು, ಚಹಾ ಹೀರುತ್ತಾ, ಆತನ ಗಿಟಾರಿನ ಜೊತೆ. ಪ್ರಿಸ್ಕ್ರಿಪ್ಷನ್ ಪ್ಯಾಡಿನ ಹಿಂಬದಿಯಲ್ಲಿ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಆತ ಗಿಟಾರ್ ನಿಲ್ಲಿಸಿ, "ಅದೇನು ಡಕ್ತಾರಿ, ಲೆಕ್ಕ ಮಾಡ್ತಾ ಇದ್ದೀಯಾ? ಕುಡಿದವರು ಲೆಕ್ಕ ಇಡಲ್ಲ" ಎಂದು ಗದರುತ್ತಿದ್ದ. ನನ್ನನ್ನು ಗದರಿಸುವ ಧೈರ್ಯ ಆ ಕಟ್ಟಡದಲ್ಲಿ ಇದ್ದದ್ದು ಅವನೊಬ್ಬನಿಗೇ. ಎರಡು ತಿಂಗಳಲ್ಲಿ ಹಾಡು ಕೂತಿತು. ನನ್ನ ಗಂಟಲು ತಗ್ಗಿನಲ್ಲಿ ತೆರೆದುಕೊಂಡಾಗ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಆಗಲೇ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವ ಬಂತು. ಆ ಸಲ ಸ್ಥಳೀಯ ಭಾಷೆಯ ಹಾಡೂ ಒಂದಿರಲಿ, ಸೌಹಾರ್ದ ಕಾಣಲಿ ಎಂದು ಸಮಿತಿ ತೀರ್ಮಾನಿಸಿತ್ತು. ನಾನು ಹಿಂದುಮುಂದು ನೋಡದೆ ವಾಟ್ಸಾಪಿನಲ್ಲಿ ಹೆಸರು ಕೊಟ್ಟೆ: ಯುಗಳಗೀತೆ, ಕಿಕುಯು, ನಾನು ಮತ್ತು ನನ್ನ ಟೆಕ್ನಿಷಿಯನ್. ಹತ್ತು ನಿಮಿಷಕ್ಕೆ ಸಾಂಸ್ಕೃತಿಕ ಕಾರ್ಯದರ್ಶಿಯ ಫೋನು. ಆಕೆ ಮಕ್ಕಳ ಡಾಕ್ಟರು, ಒಳ್ಳೆಯ ಹೆಂಗಸು, ಶಿಸ್ತು ಎಂದರೆ ಶಿಸ್ತು.

"ನೀವು ಹಾಡ್ತೀರಾ? ರಿಯಲೀ? ಭಾರಿ ಸರ್‌ಪ್ರೈಸ್ ಕೊಟ್ರಿ! ಅಂದ ಹಾಗೆ ಡಿವೋಷನಲ್ ತಾನೆ? ಮಕ್ಕಳೆಲ್ಲ ಇರ್ತಾರೆ, ಅದಕ್ಕೆ ಕೇಳ್ದೆ."

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಹೆಸರು ಕಿತ್ತು ಹಾಕುತ್ತಾರೆ, ಮತ್ತೆ ಇನ್ನೆಂದು? ಬಾಯಿ ತಾನಾಗಿಯೇ, "ಹ್ಞೂಂ, ಡಿವೋಷನಲ್ಲೇ" ಅಂದುಬಿಟ್ಟಿತು.

"ಹಾಗಾದ್ರೆ ಬುಧವಾರದೊಳಗೆ ಭಾವಾರ್ಥ ಕಳಿಸಿಬಿಡಿ. ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಇದು ನಮ್ಮ ಬಳಗದ ಕಟ್ಟುನಿಟ್ಟಾದ ಪದ್ಧತಿ. ಇಲ್ಲಿ ಬೆಳೆದ ಮಕ್ಕಳಿಗೆ ಹಾಡಿನ ಕನ್ನಡ ತಿಳಿಯುವುದಿಲ್ಲವೆಂದು, ಪ್ರತಿ ಹಾಡಿಗೂ ಮೊದಲು ಕಾರ್ಯದರ್ಶಿ ನಾಲ್ಕು ಸಾಲು ಭಾವಾರ್ಥ ಓದುತ್ತಾರೆ. ಭಾವಾರ್ಥ ಕೊಡದವರಿಗೆ ಮೈಕು ಇಲ್ಲ. ಮಕ್ಕಳಿಗಾಗಿ ಶುರುವಾದದ್ದು, ಈಗ ದೊಡ್ಡವರೇ ಕಣ್ಣು ಮುಚ್ಚಿ ಕೇಳುತ್ತಾರೆ, ಮಕ್ಕಳು ಮೊಬೈಲು ನೋಡುತ್ತಾರೆ.

ಮಂಗಳವಾರ ಎರಡು ರೂಟ್ ಕೆನಾಲುಗಳ ನಡುವೆ ಕೂತು ಬರೆದೆ. "ಸಂಸಾರವೆಂಬ ಹೆದ್ದಾರಿಯಲ್ಲಿ ಬಳಲಿದ ಜೀವವು ಭಕ್ತಿರಸವನ್ನು ಪಾನಮಾಡಿ ಮೈಮರೆಯುತ್ತದೆ. ಲೌಕಿಕ ವೈದ್ಯರು ಕೈಬಿಟ್ಟಾಗ ಭಗವಂತನೇ ವೈದ್ಯನಾಗುತ್ತಾನೆ. 'ನಿನ್ನ ಬಾಗಿಲನ್ನು ಮುಚ್ಚಬೇಡ, ನನ್ನ ಕೊನೆಯ ಹಾಡು ಬಾಕಿಯಿದೆ' ಎಂದು ಆರ್ತಜೀವವು ಮೊರೆಯಿಡುತ್ತದೆ. ಇಲ್ಲಿ ಪುರುಷಕಂಠವು ಜೀವಾತ್ಮ, ಸ್ತ್ರೀಕಂಠವು ಅವನನ್ನು ಕೈಹಿಡಿದು ನಡೆಸುವ ಮಾಯೆ." ಬರೆದು ಮುಗಿಸಿ ಓದಿಕೊಂಡೆ. ಎಲಾ ನನ್ನ ಕೈಯೇ, ಇಷ್ಟೊಂದು ಅಧ್ಯಾತ್ಮ ಎಲ್ಲಿ ಅಡಗಿಸಿಕೊಂಡಿದ್ದೆ ಎಂದು ನನಗೇ ಆಶ್ಚರ್ಯವಾಯಿತು. ಬಾಗಿಲೊಂದನ್ನು ಬಿಟ್ಟರೆ ಅದರಲ್ಲಿ ಒಂದಕ್ಷರ ನಿಜವಿರಲಿಲ್ಲ. ನಮ್ಮವರಲ್ಲಿ ಸ್ವಾಹಿಲಿ ಬರುವವರು ಇದ್ದಾರೆ, ಕಿಕುಯು ಬರುವವರು ಒಬ್ಬರೂ ಇಲ್ಲ, ಯಾರಿಗೆ ತಿಳಿಯುತ್ತದೆ ಎಂದುಕೊಂಡು ಕಳಿಸಿಬಿಟ್ಟೆ. ಟೆಕ್ನಿಷಿಯನ್‌ಗೆ ಮಾತ್ರ ಹೇಳಲಿಲ್ಲ.

ಕಾರ್ಯಕ್ರಮ ಇದ್ದದ್ದು ಊರಂಚಿನ ಕರೆನ್ ಬಡಾವಣೆಯಲ್ಲಿ, ಒಂದು ಶಾಲೆಯ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಿಂದ ನಾನು, ಯಜಮಾನರು, ಮಗಳು ಹೊರಟೆವು. ಯಜಮಾನರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಜಗತ್ತು ಮುಳುಗಿದರೂ ಎಷ್ಟು ಶೇಕಡಾ ಮುಳುಗಿದೆ ಎಂದು ಕೇಳುವ ಜಾತಿ. ಮಗಳಿಗೆ ಹತ್ತೊಂಬತ್ತು, ಕಾರು ಅವಳೇ ಓಡಿಸುವುದು. ನಾನು ಏನೋ ಕಾರ್ಯಕ್ರಮ ಕೊಡುತ್ತಿದ್ದೇನೆ ಎಂದಷ್ಟೇ ಇಬ್ಬರಿಗೂ ಗೊತ್ತಿತ್ತು.

"ವಾಟ್ ಆರ್ ಯೂ ಡೂಯಿಂಗ್, ಅಮ್ಮಾ? ಸ್ಪೀಚಾ?"

"ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸು" ಎಂದೆ. ರೇಷ್ಮೆ ಸೀರೆಯ ಸೆರಗಿನಡಿ ಪ್ಯಾಡಿನ ಹಾಳೆ ಬಿಡಿಸಿ ಇನ್ನೊಂದು ಸಲ ಸಾಹಿತ್ಯ ನೋಡಿಕೊಂಡೆ.

ಟೆಕ್ನಿಷಿಯನ್ ನಮಗಿಂತ ಮುಂಚೆ ಬಂದು ಕೂತಿದ್ದ. ಬಿಳಿ ಷರ್ಟು, ಮಿರಮಿರ ಮಿಂಚುವ ಬೂಟು, ಹೊಸದೊಂದು ಕಪ್ಪು ಹ್ಯಾಟು. ಹೆಂಡತಿಗೆ ಚರ್ಚಿನಲ್ಲಿ ಕೆಲಸವಿತ್ತು, ಬಂದಿರಲಿಲ್ಲ. "ಅವಳೇ ಷರ್ಟು ಇಸ್ತ್ರಿ ಮಾಡಿಕೊಟ್ಟಳು. ಇಲ್ಲಾದರೂ ಆ ಹಾಡು ಹಾಡಿ ಬಾ ಅಂದಳು" ಎಂದು ಹೇಳುವಾಗ ಆತನ ಮುಖ ಅರಳಿತ್ತು. ಈಗಲಾದರೂ ಹೇಳಿಬಿಡಲೇ ಅಂದುಕೊಂಡೆ, ಅಷ್ಟರಲ್ಲಿ ಯಾರೋ ಆತನಿಗೆ ಕಾಫಿ ಕೊಟ್ಟರು, ಯಾರೋ ಹ್ಯಾಟಿನ ಜೊತೆ ಸೆಲ್ಫಿ ಕೇಳಿದರು, ಹೇಳಲಾಗಲಿಲ್ಲ.

ನಮ್ಮ ಸರದಿ ಬಂತು. ಇಬ್ಬರೂ ವೇದಿಕೆ ಹತ್ತಿದೆವು, ಆತ ಗಿಟಾರಿನ ಶ್ರುತಿ ನೋಡಿಕೊಳ್ಳುತ್ತಿದ್ದ. ಕಾರ್ಯದರ್ಶಿ ಬದಿಯ ಮೈಕಿನಲ್ಲಿ ನನ್ನ ಭಾವಾರ್ಥ ಓದಿದರು. ಎಷ್ಟು ಚೆನ್ನಾಗಿ ಓದಿದರೆಂದರೆ, "ಆರ್ತಜೀವವು ಮೊರೆಯಿಡುತ್ತದೆ" ಎನ್ನುವಾಗ ಆಕೆಯ ದನಿ ನಡುಗಿತು. ಮುಂದಿನ ಸಾಲಿನ ಹಿರಿಯರು ಕೈಮುಗಿದು ಕಣ್ಣು ಮುಚ್ಚಿದರು. ಸದ್ಯ, ದಾಟಿದೆ ಎಂದು ಉಸಿರುಬಿಡುತ್ತಿದ್ದೆ. ಆಗ ಆಕೆ ನಗುನಗುತ್ತಾ ಟೆಕ್ನಿಷಿಯನ್ ಕಡೆ ತಿರುಗಿ, ಇವತ್ತು ಅತಿಥಿಗಳಿದ್ದಾರೆ, ಅವರಿಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಜೀವಾತ್ಮ, ಮಾಯೆ, ಭಗವಂತನ ಬಾಗಿಲು, ಒಂದನ್ನೂ ಬಿಡಲಿಲ್ಲ.

ಗಿಟಾರಿನ ಸದ್ದು ನಿಂತಿತು. ಆತ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆತ ಗಿಟಾರನ್ನು ಕುರ್ಚಿಗೆ ಒರಗಿಸಿ, ಸಭೆಗೆ ತಲೆಬಾಗಿ, ಪಕ್ಕದ ಬಾಗಿಲಿನಿಂದ ಹೊರಗೆ ನಡೆದುಬಿಟ್ಟ. ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ಮೈಕಿನಲ್ಲಿ, "ಎರಡು ನಿಮಿಷ" ಎಂದು ತೊದಲಿ, ನೆರಿಗೆ ಎತ್ತಿ ಹಿಡಿದು ಅವನ ಹಿಂದೆ ಓಡಿದೆ. ಹಿಂದಿನಿಂದ ಕಾರ್ಯದರ್ಶಿ ಮಕ್ಕಳ ಕೋಲಾಟವನ್ನು ಮುಂದಕ್ಕೆ ಹಾಕಿದ್ದು ಕೇಳಿಸಿತು.

ಕಾರು ನಿಲ್ಲಿಸುವ ಜಾಗದ ಜಕರಂದಾ ಮರದ ಕೆಳಗೆ ಆತ ನಿಂತಿದ್ದ. ತಪ್ಪು ನನ್ನದು, ಆದರೂ ಮೊದಲು ಬಂದದ್ದು ಕೋಪವೇ. ನನ್ನ ಹಣೆಬರಹ ಅದು.

"ಏನಿದು ನಿನ್ನ ವರಸೆ? ನಾಲ್ಕು ಸಾಲು ಓದಿದ್ರೆ ಏನು ಗಂಟು ಹೋಗತ್ತೆ? ಹಾಡು ಅದೇ ತಾನೆ?"

"ಅದೇ ಅಲ್ಲ. ನಾನು ಪ್ರತಿ ಭಾನುವಾರ ದೇವರ ಹಾಡು ಹಾಡ್ತೀನಿ, ದೇವರ ಹಾಡು ಯಾವುದು ಅಂತ ನನಗೆ ಗೊತ್ತು. ಇದು ನನ್ನದು, ನನ್ನ ಹೆಂಡತೀದು. ಆಗ ನಮಗೆ ಬುದ್ಧಿ ಇರಲಿಲ್ಲ, ಆದರೆ ಖುಷಿಯಾಗಿದ್ವಿ. ನೀನು ನನ್ನ ಹೆಂಡತೀನ ತೆಗೆದು ಆ ಜಾಗದಲ್ಲಿ ದೇವರನ್ನ ಕೂರಿಸಿದೀಯ, ಡಕ್ತಾರಿ." ದನಿ ಎತ್ತರಿಸಲಿಲ್ಲ ಆತ. "ನಿನಗೆ ಹಾಡು ಇಷ್ಟ ಅಂತ ತಿಳ್ಕೊಂಡಿದ್ದೆ. ನಿನಗೆ ಅದರಿಂದ ನಾಚಿಕೆ."

ನನ್ನ ಕೋಪ ಎಲ್ಲಿ ಹೋಯಿತೋ. ಆ ಮರದ ಕೆಳಗೆ ನಿಂತು, ಮೈಸೂರಿನ ಮೇಷ್ಟ್ರು, ಐದೂವರೆ ಮನೆ, ಗಂಡು ದನಿ, ತುಟಿ ಅಲ್ಲಾಡಿಸಿದ್ದು, ಎಲ್ಲವನ್ನೂ ಆತನಿಗೆ ಹೇಳಿದೆ. ಹನ್ನೊಂದು ವರ್ಷದಲ್ಲಿ ಹೇಳಿರಲಿಲ್ಲ. "ಹಾಡಬೇಕು ಅಂತ ಆಸೆ ಇತ್ತು, ಅಷ್ಟೇ. ನಿಜ ಹೇಳಿದ್ರೆ ಬಿಡಲ್ಲ ಅಂತ ಹೆದರ್ಕೊಂಡೆ. ಪೋಲೆ. ತಪ್ಪಾಯ್ತು" ಎಂದೆ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಬರುವುದಿಲ್ಲ, ಅದು ಆತನಿಗೂ ಗೊತ್ತು.

ಆತ ಹ್ಯಾಟಿನ ಅಂಚನ್ನು ಒಂದು ಸುತ್ತು ತಿರುಗಿಸಿದ. "ಕೊಳೆತ ಹಲ್ಲಿದ್ರೆ ರೋಗಿಗೆ ಏನು ಹೇಳ್ತೀಯ?"

"ಕೊಳೆತಿದೆ ಅಂತೀನಿ."

"ಬೈದು ಹೇಳ್ತೀಯ. ನಾನು ಕೇಳಿಸ್ಕೊಂಡಿದೀನಿ. ಒಳಗೆ ಹೋಗಿ ಹಾಗೇ ಹೇಳು. ಆಮೇಲೂ ಅವರು ಹಾಡು ಅಂದ್ರೆ ನಾನು ಬರ್ತೀನಿ. ಬೇಡ ಅಂದ್ರೆ ಇಬ್ಬರೂ ಊಟ ಮಾಡಿ ಮನೆಗೆ ಹೋಗೋಣ."

ಕೋಲಾಟ ಮುಗಿಯುವುದನ್ನು ಕಾದು ವೇದಿಕೆ ಹತ್ತಿದೆ. ಕಾರ್ಯದರ್ಶಿ ಏನೋ ಕೇಳಲು ಬಂದರು, ಮೈಕು ನನ್ನ ಕೈಯಲ್ಲಿತ್ತು. ಎದುರಿಗೆ ನೂರೈವತ್ತು ಜನ.

"ನೋಡಿ, ಆಗ ಓದಿದ ಭಾವಾರ್ಥ ಸುಳ್ಳು" ಎಂದೆ. "ಸುಳ್ಳು ಬರೆದೋಳು ನಾನು. ಕಾರ್ಯದರ್ಶಿಗಳದ್ದು ಏನೂ ತಪ್ಪಿಲ್ಲ, ಪಾಪ, ಅವರು ನಂಬಿ ಓದಿದ್ರು. ಇದು ಭಕ್ತಿಗೀತೆ ಅಲ್ಲ. ಇದು ಇಬ್ಬರು ಕುಡುಕರ ಹಾಡು. ಗಂಡ ಹೆಂಡತಿ. ಡಾಕ್ಟರು ಕುಡೀಬೇಡಿ ಅಂದ್ರೆ ಡಾಕ್ಟರನ್ನೇ ಬಿಟ್ಟವರು. ಶುಕ್ರವಾರ ಕುಡಿಯಕ್ಕೆ ಹೋಗಿ ಭಾನುವಾರ ಆದ್ರೂ ಮನೆಗೆ ಬಂದಿಲ್ಲ. ಆ ಬಾಗಿಲು ದೇವರದ್ದಲ್ಲ, ಬಾರಿನದ್ದು. ಆ ಗಂಡ ನನ್ನ ಜೊತೆ ಕೆಲಸ ಮಾಡೋರು, ಈಗ ಹೊರಗೆ ಮರದ ಕೆಳಗೆ ನಿಂತಿದಾರೆ. ಹಾಡು ಅವರು ಬರೆದಿದ್ದು, ಹೆಂಡತಿ ಮೇಲಿನ ಪ್ರೀತಿಗೆ. ನಾನು ಇದುವರೆಗೂ ಯಾರ ಮುಂದೇನೂ ಹಾಡಿಲ್ಲ. ನನ್ನ ದನಿ ಗಂಡು ದನಿ. ಕೇಳ್ತೀರಾ, ಹಾಡ್ತೀನಿ. ಬೇಡ್ವಾ, ಊಟಕ್ಕೆ ಹೋಗೋಣ."

ಆಗ ಕೈಮುಗಿದಿದ್ದ ಹಿರಿಯರೊಬ್ಬರು ಈಗ ಕೈಕಟ್ಟಿ ಕೂತರು. ಅಧ್ಯಕ್ಷರು ಕೆಮ್ಮಿದರು. ಹಿಂದಿನ ಸಾಲಿನ ಹುಡುಗರಲ್ಲಿ ಯಾರೋ ಶಿಳ್ಳೆ ಹಾಕಿದರು, ಯಾರೋ ಹೆಂಗಸು ತಡೆಯಲಾರದೆ ಗೊಳ್ಳೆಂದು ನಕ್ಕಳು, ಆ ನಗು ನಾಲ್ಕಾರು ಸಾಲಿಗೆ ಹರಡಿತು. "ಹಾಡ್ರೀ ಡಾಕ್ಟ್ರೇ, ಹಸಿವಾಗ್ತಿದೆ!" ಎಂದು ಒಬ್ಬರು ಕೂಗಿದರು. ಅಷ್ಟು ಸಾಕಿತ್ತು. ಬಾಗಿಲ ಬಳಿ ಕಪ್ಪು ಹ್ಯಾಟು ಕಾಣಿಸಿತು.

ಆತ ಗಿಟಾರ್ ಎತ್ತಿಕೊಂಡ, ಗಂಡನ ಸಾಲು ಹಾಡಿದ. ನನ್ನ ಸಾಲು ಬಂದಾಗ ಬಾಯಿ ತೆರೆದೆ. ಮೊದಲ ಪದ ಗಂಟಲಲ್ಲೇ ಸಿಕ್ಕಿಕೊಂಡಿತು, ಆತ ಗಿಟಾರಿನಲ್ಲಿ ಒಂದು ಸುತ್ತು ಹೆಚ್ಚು ಹಾಕಿ ಕಾದ. ಎರಡನೇ ಸಲ ದನಿ ಬಂತು. ಕೆಳಗಿನಿಂದ, ತುಂಬಿಕೊಂಡು, ಒಂದಿಷ್ಟೂ ಒಡೆಯದೆ ಬಂತು. ಆಮೇಲೆ ನನಗೆ ಯಾರ ಮುಖವೂ ಕಾಣಲಿಲ್ಲ. ಡಾಕ್ಟರನ್ನೇ ಬಿಡೋಣ ಎನ್ನುವ ಸಾಲಿಗೆ ಸೊಂಟದ ಮೇಲೆ ಕೈಯಿಟ್ಟೆನಂತೆ, ನನಗೆ ನೆನಪಿಲ್ಲ, ವಿಡಿಯೋದಲ್ಲಿದೆ. ಎರಡನೇ ಪಲ್ಲವಿಗೆ ಊಟ ಬಡಿಸಲು ಬಂದಿದ್ದ ಇಲ್ಲಿನ ಕಿಕುಯು ಹೆಂಗಸರು ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ಜೊತೆಗೂಡಿದರು, ಅವರಿಗೆ ಒಂದೊಂದು ಪದವೂ ಅರ್ಥವಾಗುತ್ತಿತ್ತು. ಮೂರನೆಯದಕ್ಕೆ ನಮ್ಮ ಮಕ್ಕಳು ಎದ್ದು ಕುಣಿದರು.

ಎಲ್ಲರೂ ಮೆಚ್ಚಿದರು ಎಂದು ಹೇಳಿದರೆ ಅದು ಎರಡನೇ ಸುಳ್ಳಾಗುತ್ತದೆ. ಮೂರು ನಾಲ್ಕು ಮನೆಯವರು ಮಧ್ಯದಲ್ಲೇ ಎದ್ದು ಊಟದ ಸಾಲಿಗೆ ಹೋದರು. ಅಧ್ಯಕ್ಷರು ನನ್ನನ್ನು ಕಂಡು ಬೇರೆ ಕಡೆಯಿಂದ ಸುತ್ತಿಕೊಂಡು ಹೋದರು. ಕಾರ್ಯದರ್ಶಿ ಬಿಸಿಬೇಳೆಬಾತಿನವರೆಗೆ ಮಾತಾಡಲಿಲ್ಲ, ಮೊಸರನ್ನಕ್ಕೆ ಬಂದಾಗ ಪಕ್ಕದಲ್ಲಿ ಕೂತು, "ಮಾಯೆ ಅಂತೆ, ಜೀವಾತ್ಮ ಅಂತೆ! ನಾನು ಕಣ್ಣಲ್ಲಿ ನೀರು ಹಾಕ್ಕೊಂಡು ಓದಿದ್ನಲ್ರೀ! ಮುಂದಿನ ವರ್ಷದಿಂದ ನಿಮ್ಮ ಭಾವಾರ್ಥಕ್ಕೆ ಇಬ್ಬರ ಸಾಕ್ಷಿ ಬೇಕು" ಎಂದರು. ಮುಂದಿನ ವರ್ಷ ಎಂದರಲ್ಲ, ಬದುಕಿದೆ ಎಂದುಕೊಂಡೆ. ಟೆಕ್ನಿಷಿಯನ್ ಬಾಳೆ ಎಲೆಯ ಮುಂದೆ ಕೂತು ಹೆಂಡತಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳುತ್ತಿದ್ದ. ನಡುನಡುವೆ ಆಕೆ ನಗುವುದು ನನಗೂ ಕೇಳಿಸುತ್ತಿತ್ತು.

ವಾಪಸು ಬರುವಾಗ ಯಜಮಾನರು ಹಿಂದಿನ ಸೀಟಿನಲ್ಲಿ ಹೊಟ್ಟೆ ತುಂಬಿ ನಿದ್ದೆಹೋದರು. ವಿಡಿಯೋ ತೆಗೆದವರು ಅವರೇ. ಅರ್ಧದಲ್ಲಿ ಬೆರಳು ಅಡ್ಡ ಬಂದಿದೆ, ಕೈ ನಡುಗುತ್ತಿತ್ತು ಎಂದರು, ಶೇಕಡಾ ಎಷ್ಟು ಎಂದು ಹೇಳಲಿಲ್ಲ. ಮಗಳು ಸುಮ್ಮನೆ ಗಾಡಿ ಓಡಿಸುತ್ತಿದ್ದಳು. ಕುಣಿದವರಲ್ಲಿ ಅವಳೂ ಇದ್ದಳು, ಹಾಗಾಗಿ ಈ ಮೌನ ನನಗೆ ಅರ್ಥವಾಗಲಿಲ್ಲ. ನಾನು ಹೊಗಳಿಕೆಗೆ ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ. ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಅವಳು ಕೇಳಿದಳು.

"ಅಮ್ಮಾ, ನಾನು ಚಿಕ್ಕೋಳಿದ್ದಾಗ ಒಂದು ಸಿಡಿ ಇತ್ತಲ್ಲ. ಲಾಲಿ ಹಾಡಿನದು. ಯೂ ಪ್ಲೇಡ್ ಇಟ್ ಎವ್ರಿ ನೈಟ್."

"ಹೌದು. ಅಜ್ಜಿ ಮೈಸೂರಿಂದ ಕಳ್ಸಿದ್ದು."

"ಯೂ ಹ್ಯಾಡ್ ದಟ್ ವಾಯ್ಸ್, ಆ್ಯಂಡ್ ಯೂ ಪ್ಲೇಡ್ ಮಿ ಎ ಸಿಡಿ."

ನಾನು ಹೊರಗೆ ನೋಡಿದೆ. ಪಕ್ಕದಲ್ಲಿ ಒಂದು ಮಟಾಟು ನಿಂತಿತ್ತು, ಅದರ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಕಡಲೇಕಾಯಿ ತಿನ್ನುತ್ತಿದ್ದ. "ಭಯ ಆಗ್ತಿತ್ತು ಪುಟ್ಟಾ. ನನ್ನ ದನಿ ಚೆನ್ನಾಗಿಲ್ಲ ಅಂತ" ಎಂದೆ.

"ಭಯಾನಾ? ಆಫ್ ಹೂಮ್?" ಅವಳು ನನ್ನ ಕಡೆ ತಿರುಗಿದಳು, ಕಣ್ಣು ತುಂಬಿತ್ತು. "ರೂಮಲ್ಲಿ ನಾನೊಬ್ಬಳೇ ಇದ್ದಿದ್ದು. ಐ ವಾಸ್ ಎ ಬೇಬಿ, ಅಮ್ಮಾ."

ನಾನು ಸೆರಗಿನ ತುದಿಯಿಂದ ಅವಳ ಕಣ್ಣು ಒರೆಸಲು ಹೋದೆ. ಹಿಂದಿನ ಕಾರಿನವನು ಹಾರನ್ ಹೊಡೆದ, ಅವಳು ಗೇರು ಹಾಕಿದಳು.